ರಾಗಿ ಹೊಲದಲ್ಲಿ ಇಳಿದ ದಿನದ ಋಣ

ಖಾಸಗಿ ಪೈಲಟ್ ಪರವಾನಗಿ ಕೈಸೇರಿದ ಈ ಸಂದರ್ಭದಲ್ಲಿ, ಕಳೆದ ಡಿಸೆಂಬರಿನಲ್ಲಿ ದೊಡ್ಡಬಳ್ಳಾಪುರದ ಆಚೆ ನಮ್ಮ ತರಬೇತಿ ವಿಮಾನದ ಎಂಜಿನ್ ಆಕಾಶದಲ್ಲೇ ನಿಂತುಹೋದಾಗ ನೆರವಾದವರಿಗೆ ವಂದನೆ ಸಲ್ಲಿಸುವುದು ನನ್ನ ಕರ್ತವ್ಯ.

ಮೊದಲ ವಂದನೆ ನನ್ನ ಬೋಧಕಿಯವರಿಗೆ. ಸಮುದ್ರಮಟ್ಟದಿಂದ ಎತ್ತರ ಅಳೆಯುವ ಆಲ್ಟಿಮೀಟರ್ 4,500 ಅಡಿ ತೋರಿಸುತ್ತಿದ್ದರೂ, ಬೆಂಗಳೂರಿನ ಸುತ್ತಲಿನ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ನಮಗೆ ಉಳಿದಿದ್ದುದು 1,500 ಅಡಿ, ಅಂದರೆ ಹೆಚ್ಚುಕಡಿಮೆ ಎರಡು ನಿಮಿಷ. ಅವರು ವಿಮಾನದ ಮೂತಿ ತಗ್ಗಿಸಿ, ವೇಗವನ್ನು 65 ನಾಟ್‌ಗೆ ತಂದು, ಕೊಯ್ಲಾದ ರಾಗಿ ಹೊಲವೊಂದನ್ನು ಗುರುತಿಸಿಕೊಂಡ ಮೇಲೆಯೇ ಇಂಧನದ ಕವಾಟ, ಗಾಳಿ-ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್ಚರ್, ಅವೆರಡನ್ನೂ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಕಟ್ಟಿದ ಮಂಜು ಕರಗಿಸುವ ಕಾರ್ಬ್ಯುರೇಟರ್ ಹೀಟ್‌ಗಳತ್ತ ಕೈಹಾಕಿದರು. ಎಂಜಿನ್ ಹತ್ತಲಿಲ್ಲ. ನಾನು ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಮುಗಿಸುವಷ್ಟರಲ್ಲಿ, ಚೌಕಟ್ಟು ಬಾಗಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆಂದು ಚಿಲಕ ತೆಗೆದಿಡುವಂತೆ ಹೇಳಿದರು. ಅವರ ದನಿ ಅಂದೂ ಪಾಠ ಹೇಳುವ ದನಿಯೇ ಆಗಿತ್ತು.

ಹಿರಿಯ ತಂತ್ರಜ್ಞರೊಬ್ಬರಿಗೂ ನಾನು ಋಣಿ. ಇಂಧನ ಮುಗಿದಿರಬೇಕೆಂದು ಸುದ್ದಿ ಕೇಳಿದವರೆಲ್ಲ ತೀರ್ಪು ಕೊಟ್ಟಾಗಿತ್ತು (ನಮ್ಮಲ್ಲಿ ತೀರ್ಪಿಗೆ ಬರವಿಲ್ಲ). ಟ್ಯಾಂಕುಗಳು ಬಹುತೇಕ ತುಂಬಿದ್ದವು. ಹಾರುವ ಮುನ್ನ ತಳದಿಂದ ತೆಗೆದ ಮಾದರಿಯಲ್ಲಿ ನೀಲಿ ಪೆಟ್ರೋಲ್ ಬಿಟ್ಟು ಬೇರೇನೂ ಇರಲಿಲ್ಲ. ಅವರು ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದುದನ್ನು ಗಾಜಿನ ಲೋಟಕ್ಕೆ ಇಳಿಸಿ ತೋರಿಸಿದರು: ಮೇಲೆ ನೀಲಿ, ಕೆಳಗೆ ಎರಡು ಬೆರಳಿನಷ್ಟು ತಿಳಿನೀರು. ಮಳೆಯ ನೀರು ರೆಕ್ಕೆಯ ಮೇಲಿನ ಮುಚ್ಚಳದ ಸವೆದ ವಾಷರ್ ದಾಟಿ ಒಳಗಿಳಿದು, ಹಳೆಯ ವಿಮಾನಗಳಲ್ಲಿರುವ ರಬ್ಬರ್ ಚೀಲದಂತಹ ಟ್ಯಾಂಕಿನ ಸುಕ್ಕಿನಲ್ಲಿ ಅಡಗಿ, ನಿಂತ ವಿಮಾನದಲ್ಲಿ ತಳದ ಕವಾಟಕ್ಕೆ ಬಾರದೆ, ಹಾರಾಟದಲ್ಲಿ ವಾಲಿದಾಗ ಎಂಜಿನ್ನಿನತ್ತ ಹರಿದಿತ್ತು. ಈಗ ನಮ್ಮ ತರಬೇತಿ ಶಾಲೆಯಲ್ಲಿ ವಿಮಾನದ ಬಾಲ ತಗ್ಗಿಸಿ, ರೆಕ್ಕೆ ಅಲುಗಾಡಿಸಿದ ಬಳಿಕವೇ ಮಾದರಿ ತೆಗೆಯುತ್ತಾರೆ.

ಕೊನೆಯದಾಗಿ ಆ ಹೊಲದ ಯಜಮಾನರು. ಪೆಟ್ರೋಲ್ ವಾಸನೆ ಹಿಡಿದೊಡನೆ, ಬೀಡಿ ಹಚ್ಚಿಕೊಂಡು ನೋಡಬಂದವರನ್ನೆಲ್ಲ ಬದುವಿನಾಚೆ ನಿಲ್ಲಿಸಿ, ನಮಗೆ ಮಜ್ಜಿಗೆ ತರಿಸಿದರು. ರಾಗಿಯ ಕೂಳೆಯ ನಡುವೆ ಇನ್ನೂ ಕಾಯಿಬಿಟ್ಟು ನಿಂತಿದ್ದ ಅವರೆಯ ಅಕ್ಕಡಿ ಸಾಲುಗಳನ್ನು ನಮ್ಮ ಚಕ್ರಗಳು ಅರೆದುಹಾಕಿದ್ದವು; ರೆಕ್ಕೆ ಬಿಚ್ಚಿ ಸಾಗಿಸಲು ಬಂದ ಲಾರಿ ಬದುವನ್ನೂ ಒಡೆಯಿತು. ಪರಿಹಾರವೆಂದು ಕೊಟ್ಟ ಹಣದಲ್ಲಿ ಅವರೆಗೆ ಇಷ್ಟು, ಬದುವಿಗೆ ಇಷ್ಟು ಎಂದು ಲೆಕ್ಕ ಹಾಕಿ, ಉಳಿದುದನ್ನು ಅವರು ನಮ್ಮ ಕೈಗೇ ಹಿಂದಿರುಗಿಸಿದರು.