ಕನ್ಫರ್ಮ್ ಆಯ್ತು, ಈಗ ಒಂದಿಷ್ಟು ಜನರಿಗೆ ಥ್ಯಾಂಕ್ಸ್

ಕಳೆದ ವಾರ ಪ್ರೊಬೇಷನ್ ಮುಗಿದು ಕನ್ಫರ್ಮೇಷನ್ ಲೆಟರ್ ಕೈಗೆ ಬಂತು. ಮೈಸೂರಿನಲ್ಲೇ, ಮೆಡಿಕಲ್ ಕೋಡಿಂಗ್ ಕೆಲಸ, ಅಂದರೆ ಕಾಯಿಲೆ, ಚಿಕಿತ್ಸೆಗಳಿಗೆ ಕೋಡ್ ಹಾಕುವುದು. ಹಳೆಯ ಕೆಲಸ ಹೋಗಿದ್ದು 2023ರ ಬೇಸಿಗೆಯಲ್ಲಿ. ನಡುವಿನ ಕಾಲದಲ್ಲಿ ಜೊತೆಗೆ ನಿಂತವರಿಗೆಲ್ಲ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಕೆಲವರ ನಂಬರೇ ನನ್ನ ಹತ್ತಿರ ಇಲ್ಲ. ಇನ್ನು ಕೆಲವರು "ಅಯ್ಯೋ, ಅದೇನು ಮಹಾ ಬಿಡಿ" ಅಂತ ಮಾತು ತಿರುಗಿಸಿಬಿಡುತ್ತಾರೆ. ಹಾಗಾಗಿ ಬರೆದೇ ಹೇಳುತ್ತಿದ್ದೇನೆ. ಹೆಸರು ಹಾಕಿಲ್ಲ, ಯಾರ ಬಗ್ಗೆ ಅಂತ ಅವರವರಿಗೆ ಗೊತ್ತಾಗುತ್ತದೆ.

ಮೊದಲು ಹಳೆಯ ಕೆಲಸದ ಬಗ್ಗೆ ಎರಡು ಮಾತು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಅಂದರೆ ಈಗಿನ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಮುಗಿಸಿ, ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ನಾವು ಅದನ್ನು ಕೇಳಿ ಟೈಪ್ ಮಾಡಬೇಕು. ಕಿವಿಗೆ ಹೆಡ್‌ಫೋನ್, ಕಾಲಡಿ ಪೆಡಲ್. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಲ್ಲಿ ಸಂಜೆ ಹೇಳಿದ್ದು ನಮ್ಮ ಹಗಲಿನಲ್ಲಿ ಟೈಪ್ ಆಗಿ, ಅವರು ಮಾರನೇ ಬೆಳಿಗ್ಗೆ ಆಸ್ಪತ್ರೆಗೆ ಬರುವ ಹೊತ್ತಿಗೆ ರಿಪೋರ್ಟ್ ರೆಡಿ. ದುಡ್ಡು ಲೈನಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 65 ಅಕ್ಷರಕ್ಕೆ ಒಂದು ಲೈನ್. ಬಿ.ಎಸ್ಸಿ. ಮುಗಿಸಿ ನಾನು ಸೇರಿದ್ದು ಇದಕ್ಕೆ. ತಮ್ಮನ ಓದು, ನನ್ನ ಮದುವೆ, ಮನೆ ಲೋನಿನ ಕಂತು ಎಲ್ಲಕ್ಕೂ ಆ ಸಂಬಳ ಆಯಿತು.

ಮೊದಲ ಥ್ಯಾಂಕ್ಸ್ ಅಮೆರಿಕದ ಒಬ್ಬ ಮೇಡಂಗೆ. ಅವರು ಇದನ್ನು ಓದುವುದಿಲ್ಲ, ಗೊತ್ತು. ಶುರುವಿನ ವರ್ಷಗಳಲ್ಲಿ ನಮ್ಮ ಫೈಲ್‌ಗಳನ್ನು ತಿದ್ದುತ್ತಿದ್ದವರು ಅವರೇ. ಇಲಿಯಂ ಅಂತ ಡಾಕ್ಟರು ಹೇಳಿದರೆ ಅದು ಸೊಂಟದ ಮೂಳೆಯೂ ಆಗಬಹುದು, ಸಣ್ಣ ಕರುಳಿನ ಕೊನೆಯ ಭಾಗವೂ ಆಗಬಹುದು. ಕೇಳುವುದಕ್ಕೆ ಎರಡೂ ಒಂದೇ, ಒಂದಕ್ಷರದ ಫರಕು. "ಆಪರೇಷನ್ ಎಲ್ಲಿ ನಡೀತಿದೆ ಅಂತ ಮೊದಲು ನೋಡು, ಆಮೇಲೆ ಟೈಪ್ ಮಾಡು" ಅಂತ ಪ್ರತಿ ಫೈಲಿನ ಪಕ್ಕದಲ್ಲಿ ಸಮಾಧಾನವಾಗಿ ಬರೆದು ಕಳಿಸುತ್ತಿದ್ದರು. ಒಂದು ಸಲ ತಮ್ಮ ಬಗ್ಗೆಯೂ ಬರೆದರು. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಟೈಪಿಂಗ್ ವಿಭಾಗ ಇತ್ತಂತೆ. ಅದನ್ನು ಮುಚ್ಚಿ ಕೆಲಸವನ್ನು ಹೊರಗೆ ಕೊಟ್ಟರಂತೆ. ಅವರು ಕಡಿಮೆ ದುಡ್ಡಿಗೆ ನಮ್ಮಂಥವರ ಫೈಲ್ ತಿದ್ದಲು ಕೂತರು. ಅಂದರೆ ನಾನು ಮಾಡುತ್ತಿದ್ದದ್ದು ಅವರ ಕೈಯಿಂದ ಹೋದ ಕೆಲಸ. ಆ ಮೇಲ್‌ನಲ್ಲಿ ಒಂದು ಕೊಂಕು ಮಾತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ, ನನ್ನ ಕೆಲಸ ತಗೊಂಡವಳಿಗೆ ಅಷ್ಟು ತಾಳ್ಮೆಯಿಂದ ಹೇಳಿಕೊಡುತ್ತಿದ್ದೆನಾ? ಅನುಮಾನ.

ನಮ್ಮ ಸರದಿ ನಿಧಾನವಾಗಿ ಬಂತು. ಮೊದಲು ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್ ಬಂತು. ಅದು ಟೈಪ್ ಮಾಡಿದ್ದನ್ನು ನಾವು ತಿದ್ದಬೇಕು. ತಿದ್ದುವುದಕ್ಕೆ ಲೈನಿಗೆ ಸಿಗುತ್ತಿದ್ದದ್ದು ಮೊದಲಿನದರ ಸುಮಾರು ಅರ್ಧ. ಕೊನೆಗೆ ಒಂದು ದಿನ ಮೀಟಿಂಗ್ ಕರೆದು, ಉಳಿದ ಕೆಲಸ ಮನಿಲಾಗೆ ಹೋಗುತ್ತಿದೆ ಅಂದರು. ಫಿಲಿಪೈನ್ಸ್‌ನ ಆ ಹುಡುಗಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೇಡಂ ಮೇಲ್ ಓದಿದವಳಿಗೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಸಿಟ್ಟು ಬಂದದ್ದು, ರಾಜೀನಾಮೆ ಪತ್ರವನ್ನು ಕಂಪನಿಯವರೇ ಪ್ರಿಂಟ್ ಮಾಡಿ ತಂದು ಸೈನ್ ಹಾಕಿ ಅಂದಾಗ.

ಇಲ್ಲಿ ಎರಡನೇ ಥ್ಯಾಂಕ್ಸ್. ನಮ್ಮ ಬೀದಿಯ ವಕೀಲರಿಗೆ. ಫೀಸು ಕೇಳಲಿಲ್ಲ. ಅವರ ಮನೆಯ ಜಗುಲಿ ಮೇಲೆ ಕೂರಿಸಿಕೊಂಡು ಹೇಳಿದ್ದಿಷ್ಟು: "ಯಾರೂ ಸೈನ್ ಹಾಕಬೇಡಿ. ಅವರೇ ತೆಗೆದರು ಅಂತ ಕಾಗದದಲ್ಲಿ ಬರಲಿ." ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಹೀಗೆ ತೆಗೆದರೆ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಿತ್ತು. ಗ್ರ್ಯಾಚುಟಿ ಬೇರೆ. ನಾವು ಗಟ್ಟಿಯಾಗಿ ಕೂತದ್ದರಿಂದ ಕೊನೆಗೂ ಕೊಟ್ಟರು, ಎಳೆದಾಡಿ.

ಆ ಕಾಗದ ಇನ್ನೊಂದು ಕಡೆ ಕೆಲಸಕ್ಕೆ ಬಂತು. ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಆಫೀಸಿನಲ್ಲಿ ಕೌಂಟರ್ ಹಿಂದೆ ಕೂತಿದ್ದ ಅಣ್ಣನವರಿಗೆ ನನ್ನ ನೆನಪಿರಲಾರದು. ನಾನು ಹೋದದ್ದು ಅತ್ತೆಯವರ ಔಷಧಿ ವಿಚಾರಕ್ಕೆ. "ನಿಮ್ಮ ಕೆಲಸ ಹೋಗಿದೆ ಅಂತೀರಲ್ಲ, ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಗೆ ಅರ್ಜಿ ಹಾಕಿದ್ರಾ?" ಅಂತ ಅವರಾಗಿ ಕೇಳಿದರು. ಆ ಹೆಸರೇ ನಾನು ಕೇಳಿರಲಿಲ್ಲ. 21,000 ರೂಪಾಯಿ ಒಳಗಿನ ಸಂಬಳಕ್ಕೆ ಇಎಸ್‌ಐ ಕಟ್ ಆಗುತ್ತಿದ್ದವರಿಗೆ, ತಮ್ಮ ತಪ್ಪಿಲ್ಲದೆ ಕೆಲಸ ಹೋದರೆ, ದಿನದ ಸರಾಸರಿ ಸಂಬಳದ ಅರ್ಧದಷ್ಟು ಹೆಚ್ಚೆಂದರೆ 90 ದಿನ ಆಗ ಸಿಗುತ್ತಿತ್ತು. ಜೀವಮಾನದಲ್ಲಿ ಒಂದೇ ಸಲ. 2018ರಲ್ಲಿ ಶುರುವಾದಾಗ ಕಾಲು ಭಾಗ ಇತ್ತು, ಕೊರೊನಾ ಬಂದ ಮೇಲೆ ಅರ್ಧ ಮಾಡಿದರು. ಪ್ರತಿ ತಿಂಗಳು ಸಂಬಳದಿಂದ ದುಡ್ಡು ಹಿಡಿಯುವವರು ಇದನ್ನೂ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಅರ್ಜಿ ತುಂಬುವಾಗ ಅವರು ಊಟದ ಹೊತ್ತು ಮೀರಿ ಕೂತಿದ್ದರು. ಅಣ್ಣಾ, ಆ ದುಡ್ಡಲ್ಲಿ ಮಗಳ ಸ್ಕೂಲ್ ಫೀಸು ಕಟ್ಟಿದೆ.

ಶಕ್ತಿ ಯೋಜನೆಗೂ ಒಂದು ನಮಸ್ಕಾರ. ಬೈಯುವವರು ಬೈಯಲಿ. 2023ರ ಜೂನ್ 11ಕ್ಕೆ ಅದು ಶುರುವಾಯಿತು, ಸರಿಯಾಗಿ ನಾನು ಕೈ ಖಾಲಿ ಮಾಡಿಕೊಂಡು ಕೂತ ಹೊತ್ತಿಗೆ. ಇಂಟರ್‌ವ್ಯೂ ಅಂತ ಬೆಂಗಳೂರಿಗೆ ಹೋಗಿ ಬಂದದ್ದೆಲ್ಲ ಕೆಂಪು ಬಸ್ಸಿನಲ್ಲಿ, ಆಧಾರ್ ತೋರಿಸಿ, ಶೂನ್ಯ ಟಿಕೆಟ್‌ನಲ್ಲಿ. ಬಸ್ ಚಾರ್ಜ್ ಕೊಟ್ಟು ಹೋಗಬೇಕಿದ್ದರೆ ಅರ್ಧಕ್ಕರ್ಧ ಇಂಟರ್‌ವ್ಯೂಗೆ ಹೋಗುತ್ತಲೇ ಇರಲಿಲ್ಲ. ಹೋಗಿ ಏನು ಸಿಕ್ಕಿತು ಅಂದರೆ, ಹೆಚ್ಚಾಗಿ "ನಿಮ್ಮ ವಯಸ್ಸಿನವರು ನಮ್ಮ ಟೀಮಿಗೆ ಹೊಂದಲ್ಲ ಮೇಡಂ" ಅನ್ನುವ ಮಾತು. ಅದನ್ನು ಮುಖಕ್ಕೇ ಹೇಳಿದ ಎಚ್‌ಆರ್ ಹುಡುಗಿಗೂ ಥ್ಯಾಂಕ್ಸ್, ನಿಜವಾಗಿ. ಉಳಿದವರು "ವಿ ವಿಲ್ ಕಾಲ್ ಯೂ" ಅಂತ ವಾರಗಟ್ಟಲೆ ಕಾಯಿಸಿದರು.

ಮನೆಯವರ ಬಗ್ಗೆ ಜಾಸ್ತಿ ಬರೆದರೆ ಬೈಸಿಕೊಳ್ಳುತ್ತೇನೆ. ಪಕ್ಕದ ಮನೆಯ ಅಕ್ಕ ಸೀರೆಗೆ ಕುಚ್ಚು ಹಾಕುವುದನ್ನು ಕಲಿಸಿ, ತಮಗೆ ಬಂದ ಸೀರೆಗಳಲ್ಲೇ ನನಗೂ ಪಾಲು ಕೊಟ್ಟರು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಇಬ್ಬರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ಮನೆಯಲ್ಲೇ ಫಾರ್ಮ್ ತುಂಬುವ ಕೆಲಸ ಕೊಡ್ತೀವಿ, ಮೊದಲು ಡೆಪಾಸಿಟ್ ಕಟ್ಟಿ ಅಂತ ಒಂದು ಫೋನ್ ಬಂದಾಗ ನನ್ನ ತಮ್ಮ ಫೋನ್ ಕಸಿದುಕೊಂಡು ಕಟ್ ಮಾಡಿದ. ಅಷ್ಟು ಸಾಕು ಅವನ ಬಗ್ಗೆ.

ದಾರಿ ತೋರಿಸಿದ್ದು ಹಳೆಯ ಆಫೀಸಿನ ಗೆಳತಿ. ನಮಗಿಂತ ಮೊದಲೇ ಬಿಟ್ಟು ಕೋಡಿಂಗ್ ಕಲಿತಿದ್ದಳು. ಅಮೆರಿಕದಲ್ಲಿ ಇನ್ಶೂರೆನ್ಸ್‌ನವರು ದುಡ್ಡು ಕೊಡಬೇಕಾದರೆ ಪ್ರತಿ ಕಾಯಿಲೆಗೆ, ಪ್ರತಿ ಚಿಕಿತ್ಸೆಗೆ ಒಂದು ಕೋಡ್ ಬೇಕು. 2015ರ ಅಕ್ಟೋಬರ್ 1ರಿಂದ ಅಲ್ಲಿ ಐಸಿಡಿ-10 ಅನ್ನುವ ಹೊಸ ಕೋಡ್ ಪಟ್ಟಿ ಬಂದ ಮೇಲೆ ಕಾಯಿಲೆಯ ಕೋಡ್‌ಗಳು ಸುಮಾರು 14,000ದಿಂದ 68,000ಕ್ಕೆ ಏರಿದವು. ಎಡಗೈಯೋ ಬಲಗೈಯೋ, ಮೊದಲ ಸಲ ತೋರಿಸಿದ್ದೋ ಮತ್ತೆ ಬಂದದ್ದೋ, ಎಲ್ಲ ಹೇಳಬೇಕು. ಹಸು ಗುದ್ದಿದರೆ ಅದಕ್ಕೂ ಕೋಡ್ ಇದೆ, ಡಬ್ಲ್ಯೂ 55.22. ಅತ್ತೆಯವರಿಗೆ ಹೇಳಿದೆ. "ಹಸು ಗುದ್ದಿದ್ರೆ ಅರಿಶಿನ ಹಚ್ಚಬೇಕಮ್ಮ, ನಂಬರ್ ಯಾಕೆ?" ಅಂದರು.

ಕೋಡಿಂಗ್ ಸರ್ಟಿಫಿಕೇಟಿಗೆ ಸಿಪಿಸಿ ಅನ್ನುವ ಪರೀಕ್ಷೆ: 100 ಪ್ರಶ್ನೆ, ನಾಲ್ಕು ಗಂಟೆ, ಪಾಸಾಗಲು 70. ಕೋಡ್ ಪುಸ್ತಕ ಎದುರಿಗೆ ಇಟ್ಟುಕೊಳ್ಳಬಹುದು. ಹುಡುಕುತ್ತಾ ಕೂತರೆ ಟೈಮ್ ಸಾಲುವುದಿಲ್ಲ. ಗೆಳತಿ ತನ್ನ ಪುಸ್ತಕಗಳನ್ನೇ ಕೊಟ್ಟು, ಪ್ರತಿ ಭಾನುವಾರ ನನ್ನಿಂದ ಆಪರೇಷನ್ ರಿಪೋರ್ಟ್‌ಗಳನ್ನು ಕೋಡ್ ಮಾಡಿಸಿದಳು. ಅಲ್ಲಿ ಗೊತ್ತಾಯಿತು, ಕಿವಿಯಲ್ಲಿ ಕೇಳಿ ಕೇಳಿ ಟೈಪ್ ಮಾಡಿದ್ದೆಲ್ಲ ತಲೆಯಲ್ಲಿ ಹಾಗೇ ಕೂತಿದೆ. ಕೋಡಿಂಗ್ ಕ್ಲಾಸಿನ ಹುಡುಗರು ಯಾವ ಮೂಳೆ ಎಲ್ಲಿದೆ ಅಂತ ಹುಡುಕುವಾಗ ನಾನು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆ. ಅದು ಮೇಡಂ ಕೊಟ್ಟದ್ದು.

ಈಗಿನ ಮ್ಯಾನೇಜರ್‌ಗೂ ಥ್ಯಾಂಕ್ಸ್, ವಯಸ್ಸು ಕೇಳದೆ ಒಂದು ರಿಪೋರ್ಟ್ ಕೊಟ್ಟು ಕೋಡ್ ಮಾಡಿ ತೋರಿಸಿ ಅಂದದ್ದಕ್ಕೆ.

ಇದೂ ಅಮೆರಿಕದಿಂದ ಬಂದ ಕೆಲಸವೇ, ಅದು ಮರೆತಿಲ್ಲ. ಈಗಾಗಲೇ ಕಂಪ್ಯೂಟರ್ ತಾನೇ ಕೋಡ್ ಸೂಚಿಸುತ್ತದೆ, ನಾವು ಸರಿಯಿದೆಯಾ ನೋಡುತ್ತೇವೆ. ಇದರ ಮುಂದಿನ ಹಂತ ಏನು ಅಂತ ನಮಗಂತೂ ಯಾರೂ ಹೇಳಬೇಕಾಗಿಲ್ಲ. ಆಡಿಟಿಂಗ್, ಅಂದರೆ ಬೇರೆಯವರು ಹಾಕಿದ ಕೋಡ್ ಪರಿಶೀಲಿಸುವುದನ್ನು, ಓದಲು ಶುರು ಮಾಡಿದ್ದೇನೆ.

ಹಳೆಯ ಟೀಮಿನಲ್ಲಿ ಕೆಲವರಿಗೆ ಇನ್ನೂ ಏನೂ ಸಿಕ್ಕಿಲ್ಲ. ಗೆಳತಿಯ ಪುಸ್ತಕಗಳು ನನ್ನ ಹತ್ತಿರವೇ ಇವೆ, ಬೇರೆಯವರಿಗೆ ಕೊಡು ಅಂದಿದ್ದಾಳೆ. ಹಳೆಯ ವರ್ಷದವು, ಆದರೆ ಅಭ್ಯಾಸಕ್ಕೆ ಸಾಕು. ಬೇಕಾದವರು ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮನೆಯಲ್ಲೇ ಇರುತ್ತೇನೆ.