ಕೊಲೆಯ ಸುದ್ದಿ ಮತ್ತು ಓದುಗರ ಕುತೂಹಲ

ಮಾನ್ಯ ಸಂಪಾದಕರೇ,

ಕೊಲೆಯ ಸುದ್ದಿಗಳಿಗೆ ಮಾಧ್ಯಮಗಳಲ್ಲಿ ಸಿಗುವ ಜಾಗದ ಬಗ್ಗೆ ಬೇಸರ ವ್ಯಕ್ತಪಡಿಸುವವರೇ ಅವನ್ನು ಎಲ್ಲಕ್ಕಿಂತ ಮೊದಲು ಓದುತ್ತಾರೆ. ಆ ಗುಂಪಿನಿಂದ ನನ್ನನ್ನು ಹೊರಗಿಟ್ಟುಕೊಂಡು ಈ ಪತ್ರ ಬರೆಯುತ್ತಿಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಕೊಲೆಯಾದವರು ಸುಮಾರು 4.58 ಲಕ್ಷ ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ಆದರೂ ಅಪಘಾತ ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ, ಕೊಲೆ ವಾರಗಟ್ಟಲೆ ಮುಖಪುಟದಲ್ಲಿ ಉಳಿಯುತ್ತದೆ. ನಮ್ಮನ್ನು ಸೆಳೆಯುವುದು ಸಾವೇ ಆಗಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು. ಮನುಷ್ಯನೊಬ್ಬ ಇನ್ನೊಬ್ಬನನ್ನು ಬೇಕೆಂದೇ ಕೊಲ್ಲುವ ಹಂತವನ್ನು ಹೇಗೆ ತಲುಪಿದ, ಅಂಥದ್ದು ನನ್ನೊಳಗೂ ಇದೆಯೇ ಎಂಬ ಅಳುಕು ನಮ್ಮನ್ನು ಆ ಪುಟದಲ್ಲಿ ಹಿಡಿದು ನಿಲ್ಲಿಸುತ್ತದೆ ಎಂದು ನನಗನ್ನಿಸುತ್ತದೆ.

ಈ ಚಟವನ್ನು ಮೊಬೈಲು ತಂದಿತೆಂಬ ಮಾತನ್ನು ಒಪ್ಪುವುದು ಕಷ್ಟ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕ ಸಂತ ಆಗಸ್ಟೀನ್ ತನ್ನ ಗೆಳೆಯ ಅಲಿಪಿಯಸ್‌ನ ವಿಷಯವನ್ನು ದಾಖಲಿಸಿದ್ದಾನೆ. ಜನರ ಮುಂದೆ ಆಯುಧ ಹಿಡಿದು ಪ್ರಾಣ ಪಣಕ್ಕಿಟ್ಟು ಹೊಡೆದಾಡುವ ಗ್ಲೇಡಿಯೇಟರ್ ಕಾಳಗವನ್ನು ದ್ವೇಷಿಸುತ್ತಿದ್ದ ಅಲಿಪಿಯಸ್‌ನನ್ನು ಸಹಪಾಠಿಗಳು ರೋಮ್‌ನ ಕಾಳಗದ ಕಣಕ್ಕೆ ಬಲವಂತವಾಗಿ ಎಳೆದೊಯ್ದರು. ಆತ ಕಣ್ಣು ಮುಚ್ಚಿಕೊಂಡು ಕುಳಿತ. ಜನ ಒಮ್ಮೆಲೇ ಬೊಬ್ಬೆಯಿಟ್ಟಾಗ ತಡೆಯಲಾರದೆ ಕಣ್ಣು ತೆರೆದವನು ಮುಂದೆ ಇತರರನ್ನೂ ಅಲ್ಲಿಗೆ ಕರೆತರುವವನಾದ. ಫ್ರಾನ್ಸ್‌ನಲ್ಲಿ 1939ರ ಜೂನ್ 17ರಂದು ವರ್ಸೈಲ್ಸ್‌ನ ಬೀದಿಯಲ್ಲಿ ಒಬ್ಬ ಕೊಲೆಗಾರನ ತಲೆ ಕಡಿಯುವುದನ್ನು ನೋಡಲು ನೆರೆದ ಜನರ ವರ್ತನೆಗೆ ನಾಚಿದ ಸರ್ಕಾರ, ಸಾರ್ವಜನಿಕವಾಗಿ ಮರಣದಂಡನೆ ನೀಡುವುದನ್ನು ವಾರದೊಳಗೆ ನಿಷೇಧಿಸಿತು. ಸೆರೆಮನೆಯ ಗೋಡೆಯ ಹಿಂದೆ ಮಾತ್ರ ತಲೆ ಕಡಿಯುವ ಯಂತ್ರವಾದ ಗಿಲೊಟಿನ್ 1977ರವರೆಗೂ ಕೆಲಸ ಮಾಡಿತು. ಸರ್ಕಾರಕ್ಕೆ ಅಸಹ್ಯವೆನಿಸಿದ್ದು ಕೊಲ್ಲುವ ಕ್ರಿಯೆಗಿಂತ ಅದನ್ನು ನೋಡಿ ನಲಿದ ಮುಖಗಳು ಎಂದೇ ಇದನ್ನು ಓದಬೇಕಾಗುತ್ತದೆ.

ಮೊಬೈಲು ಬದಲಾಯಿಸಿದ್ದು ನೋಡುಗನ ಪಾತ್ರವನ್ನು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರ ಸಾವಿಗೆ ಕಾರಣನಾದವನು ತನ್ನ ಕೃತ್ಯವನ್ನು ನೇರಪ್ರಸಾರ ಮಾಡಿದ. ಫೇಸ್‌ಬುಕ್ ಸಂಸ್ಥೆಯೇ ಹೇಳಿದಂತೆ ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಗಳಲ್ಲಿ ಸಂಸ್ಥೆ ತೆಗೆದುಹಾಕಬೇಕಾಗಿ ಬಂದ ಪ್ರತಿಗಳು ಸುಮಾರು 15 ಲಕ್ಷ. ಅಷ್ಟೂ ಪ್ರತಿಗಳನ್ನು ಮತ್ತೆ ಮತ್ತೆ ಏರಿಸಿದವರು ಕೊಲೆಗಾರನ ಬೆಂಬಲಿಗರೇ ಆಗಿರಬೇಕಿಲ್ಲ. ನೋಡಿದ್ದನ್ನು ಇನ್ನೊಬ್ಬರಿಗೆ ದಾಟಿಸದಿದ್ದರೆ ಸಮಾಧಾನವಿಲ್ಲದ ಸಾಮಾನ್ಯ ಜನರೂ ಅವರಲ್ಲಿದ್ದಿರಬೇಕು. ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಲೆಗಾರನ ಹೆಸರನ್ನು ತಾನು ಎಂದಿಗೂ ಉಚ್ಚರಿಸುವುದಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಕೆಲವರಿಗೆ ಅದು ಬರಿಯ ಸಾಂಕೇತಿಕ ನಡೆಯಾಗಿ ಕಂಡಿರಬಹುದು, ನನಗೆ ಹಾಗೆ ಕಾಣುವುದಿಲ್ಲ. ಪ್ರಸಿದ್ಧಿಗಾಗಿ ಕೊಂದವನಿಗೆ ಅದು ಸಿಗದಂತೆ ಮಾಡುವುದೂ ಒಂದು ಪ್ರತ್ಯುತ್ತರವೇ.

ಇನ್ನೊಂದು ವಿಷಯ. ಅಪರಿಚಿತ, ವಿಕೃತ, ಸರಣಿ ಹಂತಕನ ಕಥೆ ನಮಗೆ ಹೆಚ್ಚು ರುಚಿಸುತ್ತದೆ, ಏಕೆಂದರೆ ಅವನು ನಮ್ಮಂಥವನಲ್ಲ ಎಂದು ನಂಬುವುದು ಸುಲಭ. ಆದರೆ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 85,000 ಹೆಣ್ಣುಮಕ್ಕಳಲ್ಲಿ 51,100 ಮಂದಿಯನ್ನು ಕೊಂದವರು ಅವರ ಸಂಗಾತಿಗಳು ಅಥವಾ ಕುಟುಂಬದವರೇ ಎಂದು ವಿಶ್ವಸಂಸ್ಥೆ ಹೇಳುತ್ತದೆ. ಇಂಥ ಕೊಲೆಗಳ ಹಿಂದೆ ಬೆದರಿಕೆ, ಹೊಡೆತ, ಯಾರೂ ಕಿವಿಗೊಡದ ದೂರುಗಳ ಉದ್ದನೆಯ ಸರಣಿ ಇರುವುದುಂಟು. ಓದುಗನ ನಿಜವಾದ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಸುದ್ದಿ ಮಾತ್ರ ಆಯುಧದ ಉದ್ದವನ್ನು ವಿವರಿಸುವಲ್ಲಿಗೆ ನಿಂತುಬಿಡುತ್ತದೆ.

ಕೊಲೆಯ ಸುದ್ದಿಯನ್ನೇ ಕೈಬಿಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮುಚ್ಚಿಟ್ಟರೆ ಅದು ಗಾಳಿಸುದ್ದಿಯ ಪಾಲಾಗುತ್ತದೆ. ಎಷ್ಟು ಬಾರಿ ಇರಿದ ಎಂಬ ಎಣಿಕೆಯನ್ನು ಶೀರ್ಷಿಕೆಯಿಂದ ತೆಗೆಯಿರಿ, ಕೊಂದ ಬಗೆಯ ಚಿತ್ರವಿವರಣೆಯನ್ನು ನಿಲ್ಲಿಸಿ, ಆರೋಪಿಯ ಭಾವಚಿತ್ರವನ್ನು ದಿನವೂ ಹಾಕಬೇಡಿ. ಕೊಲೆಗೆ ಮೊದಲು ಯಾರು ಯಾರಿಗೆ ದೂರು ಕೊಟ್ಟಿದ್ದರು, ಅದು ಏನಾಯಿತು ಎಂಬುದನ್ನು ನಿಮ್ಮ ವರದಿಗಾರರು ಹುಡುಕಿ ಬರೆಯಲಿ. ಬಂಧನದ ದಿನ ಕೊಟ್ಟಷ್ಟೇ ಜಾಗವನ್ನು, ವರ್ಷಗಳ ನಂತರವಾದರೂ, ತೀರ್ಪು ಬಂದ ದಿನವೂ ಕೊಡಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ