ಸ್ಪೀಕರ್ ಬೇಡ, ಹಾಡುವ ಟೀಚರ್ ಬೇಕು: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ಮನವಿ ಕೊಟ್ಟು ಕೊಟ್ಟು ಸಾಕಾಗಿ ಈ ಪತ್ರ ಬರೆಯುತ್ತಿದ್ದೇವೆ. ಮೂರರಿಂದ ಆರು ವರ್ಷದ ಮಕ್ಕಳ ತರಗತಿಗೆ ಇಲಾಖೆ ಕಳಿಸಿದ ಸ್ಪೀಕರನ್ನು ವಾಪಸ್ ತೆಗೆದುಕೊಳ್ಳಿ. ಅದೇ ಹಣದಲ್ಲಿ ಟೀಚರ್‌ಗಳಿಗೆ ಹಾಡಿಸುವುದನ್ನು ಕಲಿಸಿ.

ಕಳೆದ ಬಾರಿ ತಪಾಸಣೆಗೆ ಬಂದವರು ರೆಕಾರ್ಡ್ ಹಾಡನ್ನು ಜೋರಾಗಿ ಹಾಕಿಸಿದರು. ನಾಲ್ಕು ವರ್ಷದ ಹುಡುಗಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡಳು. ಫೋಟೊ ಸರಿ ಬರುವುದಿಲ್ಲವೆಂದು ಅವಳ ಕೈ ಕೆಳಗಿಳಿಸಲು ಟೀಚರ್‌ಗೆ ಹೇಳಿದರು. ಆ ಹೊತ್ತಿನಲ್ಲಿ ಒಂದು ಮಗುವೂ ಹಾಡುತ್ತಿರಲಿಲ್ಲ. ವರದಿಯಲ್ಲಿ ‘ಸಮೂಹ ಗಾಯನ ನಡೆದಿದೆ’ ಎಂದು ಬರೆದರು. ಮಗು ಕಿವಿ ಮುಚ್ಚಿಕೊಂಡಾಗ ಇಳಿಸಬೇಕಾದದ್ದು ಸದ್ದನ್ನು. ಇದನ್ನೂ ನಾವು ಬರೆದು ತಿಳಿಸಬೇಕೇ?

ವೈಯಕ್ತಿಕ ಆಡಿಯೊ ಸಾಧನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾನದಂಡ ನಿಮ್ಮ ಇಲಾಖೆಗೆ ಗೊತ್ತಿರುವಂಥದ್ದೇ. ಅದರಲ್ಲಿ ಮಕ್ಕಳ ಕಿವಿಗೆ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ಮೂರು ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 90 ಡೆಸಿಬಲ್‌ಗೆ ವಾರಕ್ಕೆ ಒಂದೂಕಾಲು ಗಂಟೆ. ದಿನಕ್ಕೆ ಹದಿನೈದು ನಿಮಿಷದಂತೆ ಆರು ದಿನ ಕೇಳಿಸಿದರೆ ಮಿತಿ ದಾಟಿತು.

ಸದ್ದು ತಗ್ಗಿಸಿದರೂ ರೆಕಾರ್ಡ್ ಸಾಲದು, ಏಕೆಂದರೆ ಅದು ಮಗುವಿಗಾಗಿ ಕಾಯುವುದಿಲ್ಲ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಮೊದಲು ಮಾತು ಹತ್ತುತ್ತದೆ, ಆಮೇಲೆ ಲಯ, ಆಮೇಲೆ ರಾಗದ ಏರಿಳಿತ. ಸ್ವರ ನಿಖರವಾಗುವುದು ಕೊನೆಗೆ. ಹೆಚ್ಚಿನ ಮಕ್ಕಳಿಗೆ ಸಲೀಸಾದ ಸ್ವರಗಳು ಐದಾರು: ಕೀಬೋರ್ಡಿನ ನಡುವಿನ ‘ಸಿ’ ಪಕ್ಕದ ‘ಡಿ’ಯಿಂದ ಮೇಲಿನ ‘ಎ’ವರೆಗೆ. ದೊಡ್ಡವರಿಗೆಂದು ಮಾಡಿದ ಹಾಡುಗಳು ಒಂದು ಸ್ಥಾಯಿಯನ್ನೂ, ಅಂದರೆ ‘ಸ’ದಿಂದ ಮೇಲಿನ ‘ಸ’ವರೆಗಿನ ಹರವನ್ನೂ, ಮೀರಿ ಓಡುತ್ತವೆ. ಅಲ್ಲಿಗೆ ಮುಟ್ಟಲಾರದ ಮಕ್ಕಳು ಕಿರುಚುತ್ತಾರೆ. ‘ಇನ್ನೂ ಜೋರಾಗಿ’ ಎಂದು ನಾವೇ ಹುರಿದುಂಬಿಸುತ್ತೇವೆ. ದಿನವೂ ಹೀಗಾದರೆ ಗಂಟಲು ಕಟ್ಟುತ್ತದೆ, ಧ್ವನಿತಂತುಗಳಲ್ಲಿ ಗಂಟು ಏಳಬಹುದು.

ತಪ್ಪು ನಮ್ಮಲ್ಲೂ ಇದೆ, ಅದಕ್ಕೇ ತರಬೇತಿ ಕೇಳುತ್ತಿರುವುದು. ಟೀಚರ್‌ಗಳು ತಮಗೆ ಹಿತವಾದ ತಗ್ಗಿನ ಶ್ರುತಿಯಲ್ಲಿ ಹಾಡುತ್ತಾರೆ. ಮಕ್ಕಳು ಅಷ್ಟು ಕೆಳಗಿಳಿಯಲಾಗದೆ ಮಾತಿನ ದನಿಯಲ್ಲಿ ಒದರುತ್ತಾರೆ. ಗಂಡಸರು ಹಾಡಿದಾಗ ಒಂದು ಸ್ಥಾಯಿ ಕೆಳಗಿರುವ ದನಿಯನ್ನು ಹಿಡಿಯಲು ಮಕ್ಕಳು ಇನ್ನಷ್ಟು ತಡವರಿಸುತ್ತಾರೆ. ಹಾಗಾಗಿ ಆರಂಭದ ಸ್ವರವನ್ನು ವಾದ್ಯದಲ್ಲಿ ನುಡಿಸಿ, ಅದನ್ನು ಹಿಡಿದ ಮಗುವಿನಿಂದಲೇ ಮೊದಲ ಸಾಲು ಎತ್ತಿಸಬೇಕು. ಇದನ್ನು ಕಲಿಸಲು ಎಷ್ಟು ದಿನ ಬೇಕಾದೀತು, ಹೇಳಿ?

ಹೊಸ ಹಾಡಾದರೆ ಮೊದಲ ದಿನ ಟೀಚರ್ ಪೂರ್ತಿ ಎರಡು ಮೂರು ಸಲ ಹಾಡಬೇಕು, ಮಕ್ಕಳು ತೊಡೆ ತಟ್ಟಿ ಲಯ ಹಿಡಿದರೆ ಸಾಕು. ಮರುದಿನ ಪಲ್ಲವಿಗೆ ದನಿಗೂಡಿಸಲಿ. ಸಾಲು ಸಾಲಾಗಿ ಹೇಳಿಕೊಡುವುದು ಆಮೇಲೆ. ಮಕ್ಕಳ ನಡಿಗೆ ನಮ್ಮದಕ್ಕಿಂತ ಚುರುಕು, ಹಾಡಿನ ವೇಗವೂ ಅದಕ್ಕೆ ಹೊಂದಬೇಕು. ಅರ್ಧವೃತ್ತದಲ್ಲಿ ಕೂರಿಸಿದರೆ ಟೀಚರ್ ಬಾಯಿ ಎಲ್ಲರಿಗೂ ಕಾಣುತ್ತದೆ. ಸಾಲಾಗಿ ಕೂರಿಸಿದರೆ ಹಿಂದಿನವರು ಹಾಡುವುದನ್ನೇ ಬಿಡುತ್ತಾರೆ. ಸುಮ್ಮನೆ ಕೇಳುತ್ತಾ ಕೂತ ಮಗುವನ್ನು ಎಬ್ಬಿಸಿ ಹಾಡಿಸಬಾರದು. ಅದು ಕಲಿಯುತ್ತಲೇ ಇರುತ್ತದೆ, ಎಷ್ಟೋ ಸಲ ಮನೆಗೆ ಹೋಗಿ ಹಾಡುತ್ತದೆ.

ಪದವನ್ನು ಬಿಡಿಸಿ ಚಪ್ಪಾಳೆ ತಟ್ಟುವಾಗ, ಪ್ರಾಸ ಹುಡುಕುವಾಗ ಮಗು ಮಾತಿನೊಳಗಿನ ಬಿಡಿ ಧ್ವನಿಗಳನ್ನು ಗುರುತಿಸಲು ಕಲಿಯುತ್ತದೆ. ಮುಂದೆ ಓದು ಕಲಿಯಲು ಇದೇ ತಳಹದಿ. ವಾರ್ಷಿಕೋತ್ಸವದ ತಾಲೀಮಿಗಾಗಿ ದಿನದ ಹಾಡಿನ ಹದಿನೈದು ನಿಮಿಷವನ್ನು ತಿಂಗಳುಗಟ್ಟಲೆ ಕಿತ್ತುಕೊಳ್ಳಬೇಡಿ.

ಸ್ಪೀಕರ್ ವಾಪಸ್ ಪಡೆಯಿರಿ. ತರಬೇತಿ ಕೊಡಿ. ದಿನಕ್ಕೆ ಹದಿನೈದು ನಿಮಿಷ ಟೀಚರ್ ದನಿಯಲ್ಲೇ ಹಾಡು ಎಂದು ಮುಂದಿನ ಶೈಕ್ಷಣಿಕ ವರ್ಷದ ಸುತ್ತೋಲೆಯಲ್ಲಿ ಬರೆಸಿ. ಈ ಸಲವಾದರೂ ಉತ್ತರ ಕೊಡಿ.

ಇಂತಿ,
ಪೂರ್ವ ಪ್ರಾಥಮಿಕ ತರಗತಿಗಳ ಶಿಕ್ಷಕರು